ಒಂಬತ್ತು ಸಲ ನೋಡಿದ ಹುಡುಗ

ಓರೆಸ್ಟ್ ಸ್ಲೊಬೋಡಿಯನ್ ಯಾವ ಹುಡುಗನನ್ನಾದರೂ ಬಾಯಿಬಿಟ್ಟು ಹೊಗಳಿದ್ದನ್ನು ಪೆಲಿಕನ್ ಕ್ರಾಸಿಂಗ್ ಊರಿನಲ್ಲಿ ಕೇಳಿದವರಿಲ್ಲ. ಹೆಂಡತಿ ಡಾರ್ಕಾ ಮಾಡುವ ಬೀಟ್‌ರೂಟ್ ಸಾರನ್ನು ಹೊಗಳಿದ್ದೂ ಇಲ್ಲ, ಆದರೆ ಅದು ಬರೀ ಸೋಮಾರಿತನ. ಹುಡುಗರ ವಿಷಯದಲ್ಲಿ ಮಾತ್ರ ಆ ಮೌನ ಅವನ ಕಸುಬಿನ ಗುಟ್ಟಾಗಿತ್ತು.

ಬೆಳಿಗ್ಗೆ ಸಂಜೆ ಅವನು ಶಾಲೆಯ ಹಳದಿ ಬಸ್ಸು ಓಡಿಸುತ್ತಿದ್ದ. ಚಳಿಗಾಲದ ಶನಿವಾರ ಭಾನುವಾರಗಳಲ್ಲಿ ಸಸ್ಕ್ಯಾಚೆವಾನ್ ಪ್ರಾಂತ್ಯದ ಊರೂರು ತಿರುಗಿ, ತಣ್ಣನೆಯ ಕಟ್ಟೆಗಳ ಮೇಲೆ ಕೂತು, ಹದಿನಾಲ್ಕು ವರ್ಷದ ಹುಡುಗರು ಐಸಿನ ಮೇಲೆ ರಬ್ಬರ್ ಬಿಲ್ಲೆಯನ್ನು ಕೋಲಿನಿಂದ ಅಟ್ಟುವ ಐಸ್-ಹಾಕಿ ಆಟ ಆಡುವುದನ್ನು ನೋಡುತ್ತಿದ್ದ. ಯಾರು ಮುಂದೆ ಬರುತ್ತಾರೆ, ಯಾರು ಅಪ್ಪನ ಬಾಯಿಯಲ್ಲಷ್ಟೇ ಆಟಗಾರರು ಎಂದು ಅಳೆದು, ಊರಿನ ತಂಡವಾದ ಬ್ಯಾಜರ್ಸ್‌ಗೆ ಹೇಳುವುದು ಅವನ ಕೆಲಸ. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಲೀಗಿನ ತಂಡಗಳೆಲ್ಲ ಸರದಿಯ ಪ್ರಕಾರ ಹುಡುಗರನ್ನು ಆರಿಸಿಕೊಳ್ಳುವ ದಿನ ಬರುತ್ತದೆ. ಡ್ರಾಫ್ಟ್ ಎನ್ನುತ್ತಾರೆ ಅದನ್ನು. ಆ ಒಂದು ಬೆಳಗಿಗಾಗಿ ಓರೆಸ್ಟ್ ಇಪ್ಪತ್ತಾರು ಚಳಿಗಾಲ ಕೂತು ಸೊಂಟ ಹಿಡಿಸಿಕೊಂಡಿದ್ದ.

"ಗೋಲು ಹೊಡೆದಾಗ ಎಲ್ರೂ ಚೆನ್ನಾಗೇ ಕಾಣ್ತಾರೆ," ಎನ್ನುತ್ತಿದ್ದ ಅವನು. "ಬಿಲ್ಲೆ ಕಳಕೊಂಡ್ಮೇಲೆ ಮೂರು ಸೆಕೆಂಡು ಏನ್ಮಾಡ್ತಾನೆ, ಅದನ್ನ ನೋಡು."

ಅವನ ಕಣ್ಣಿಗೆ ಎಷ್ಟು ಹೆಸರಿತ್ತೆಂದರೆ, ಬೇರೆ ತಂಡದವರು ಆಟ ನೋಡುವುದನ್ನು ಬಿಟ್ಟು ಅವನನ್ನೇ ನೋಡುತ್ತಿದ್ದರು. ಅದರಲ್ಲೂ ಪಕ್ಕದ ಹಾರ್ಲನ್ ಹಿಲ್ ತಂಡದ ಲೋರ್ನ್ ಮಕ್‌ಫಾಡ್ಜನ್. ಓರೆಸ್ಟ್ ಎಲ್ಲಿ ಕೂತರೂ ಎರಡು ಸಾಲು ಹಿಂದೆ ಬಂದು ಕೂತು, ಸೂರ್ಯಕಾಂತಿ ಬೀಜ ಜಗಿದು ಸಿಪ್ಪೆ ಉಗುಳುತ್ತಿದ್ದ.

"ಯಾರನ್ನ ನೋಡೋಕೆ ಬಂದ್ಯೋ, ಮುದುಕಾ?"

"ಇಲ್ಲಿ ಆಲೂಗಡ್ಡೆ ಚೆನ್ನಾಗಿ ಕರೀತಾರೆ. ಅದಕ್ಕೇ ಬಂದೆ."

ಆ ವರ್ಷ ಬ್ಯಾಜರ್ಸ್ ಅರವತ್ತೆಂಟು ಪಂದ್ಯ ಆಡಿ ಒಂಬತ್ತನ್ನು ಗೆದ್ದಿತು. ತಂಡ ನಡೆಸುತ್ತಿದ್ದ ಮ್ಯಾನೇಜರು ಮಾರ್ಚಿನಲ್ಲೇ ಗಂಟುಮೂಟೆ ಕಟ್ಟಿ, ದೋಣಿ ಮಾರುತ್ತೇನೆಂದು ಸಮುದ್ರದ ಕಡೆಗೆ ಹೊರಟುಹೋದ. ತಂಡ ಊರಿನವರದ್ದು. ಅದರ ಸಮಿತಿಯ ಅಧ್ಯಕ್ಷೆ ಅಡೆಲ್ ಬೋಶೆಮಿನ್ ಊರಿನ ಹಲ್ಲಿನ ಡಾಕ್ಟರು. ಓರೆಸ್ಟ್ ಹುಳುಕು ಹಲ್ಲು ತೋರಿಸಲು ಹೋಗಿ, ಬಾಯಿತುಂಬ ಹತ್ತಿ ತುರುಕಿಸಿಕೊಂಡು ಮಲಗಿದ್ದಾಗ ಆಕೆ ವಿಷಯ ಎತ್ತಿದಳು.

"ಈ ಬೇಸಿಗೇಲಿ ತಂಡಾನ ಬುಡದಿಂದ ಕಟ್ಟಬೇಕು, ಓರೆಸ್ಟ್. ಯಾರನ್ನ ತಗೋಬೇಕು, ಯಾರನ್ನ ಬಿಟ್ಟುಕೊಡಬೇಕು, ಎಲ್ಲಾ ನೀನೇ ತೀರ್ಮಾನ ಮಾಡು. ಬೇಡ ಅನ್ನೋದಾದ್ರೆ ಈಗ್ಲೇ ಹೇಳ್ಬಿಡು."

"ಅಅಅ," ಎಂದ ಓರೆಸ್ಟ್.

"ಒಳ್ಳೇದಾಯ್ತು," ಎಂದು ಅಡೆಲ್ ಯಂತ್ರ ಚಾಲೂ ಮಾಡಿದಳು.

ಹೀಗೆ ಅರವತ್ತೊಂದನೆಯ ವಯಸ್ಸಿಗೆ ಓರೆಸ್ಟ್ ತಲೆಯ ಮೇಲೆ ಇಡೀ ತಂಡ ಬಂದು ಕೂತಿತು. ಅವನ ಯೋಜನೆ ಸರಳವಾಗಿತ್ತು. ಒಂದು, ತಂಡದ ಹತ್ತೊಂಬತ್ತರ ಹರೆಯದ ರಕ್ಷಣೆಗಾರ ಬ್ರೆಂಟ್ ಲೀಪರ್ಟನನ್ನು ಲೋರ್ನ್‌ನ ತಂಡಕ್ಕೆ ಕೊಟ್ಟು, ಬದಲಿಗೆ ಮುಂದಿನ ವರ್ಷದ ಡ್ರಾಫ್ಟಿನಲ್ಲಿ ಅವರ ಎರಡು ಸರದಿ ಪಡೆಯುವುದು. ಎರಡು, ಈ ಸಲದ ಡ್ರಾಫ್ಟಿನಲ್ಲಿ ಕೋಡಿ ಡೆಜಾರ್ಲೆಯನ್ನು ಆರಿಸಿಕೊಳ್ಳುವುದು.

ಕೋಡಿ ಉತ್ತರದ ಕೆರೆಗಳ ಕಡೆಯ ಹುಡುಗ. ಗಿಡ್ಡ. ಬಿಲ್ಲೆ ಅವನ ಕೋಲಿಗೆ ಬೆಲ್ಲಕ್ಕೆ ಇರುವೆ ಹತ್ತಿದ ಹಾಗೆ ಅಂಟಿಕೊಳ್ಳುತ್ತಿತ್ತು. ಕೊನೆಯ ಸ್ಥಾನದ ತಂಡಕ್ಕೆ ಮೊದಲ ಸರದಿ ಸಿಗಬೇಕಿತ್ತು ನಿಜ. ಆದರೆ ಹಳೆಯ ಮ್ಯಾನೇಜರು ಅದನ್ನು ಒಬ್ಬ ಗೋಲ್‌ಕೀಪರಿಗಾಗಿ ಕೊಟ್ಟುಬಿಟ್ಟಿದ್ದ. ಆ ಗೋಲ್‌ಕೀಪರ್ ಕ್ರಿಸ್ಮಸ್ಸಿಗೆಂದು ಮನೆಗೆ ಹೋದವನು ವಾಪಸು ಬರಲೇ ಇಲ್ಲ. ಹಾಗಾಗಿ ಬ್ಯಾಜರ್ಸ್ ಪಾಲಿಗೆ ಉಳಿದದ್ದು ಎರಡನೆಯ ಸುತ್ತು. ಅಲ್ಲಿಯವರೆಗೆ ಕೋಡಿಯ ಮೇಲೆ ಯಾರ ಕಣ್ಣೂ ಬೀಳಬಾರದು.

ಅದಕ್ಕಾಗಿ ಓರೆಸ್ಟ್ ಒಂದು ಉಪಾಯ ಹೂಡಿದ್ದ. ನ್ಯೂ ಸ್ಟೈನ್‌ಫೆಲ್ಡ್ ಎಂಬ, ಮೆನೊನೈಟ್ ಪಂಥದ ಕ್ರೈಸ್ತರ ಹಳ್ಳಿಯಲ್ಲಿ ಏಬ್ರಮ್ ಪೆನ್ನರ್ ಎಂಬ ಹುಡುಗನಿದ್ದ. ಹದಿನಾಲ್ಕಕ್ಕೇ ಆರಡಿ ಎರಡಂಗುಲ. ಐಸಿನ ಮೇಲೆ ಅವನು ಎಡಕ್ಕೆ ತಿರುಗಬೇಕೆಂದರೆ ಗೋಧಿ ಕಟಾವಿನ ಯಂತ್ರ ಹೊಲದ ಮೂಲೆಯಲ್ಲಿ ತಿರುಗಿದಷ್ಟು ಹೊತ್ತು ಹಿಡಿಯುತ್ತಿತ್ತು. ಓರೆಸ್ಟ್ ಆ ಚಳಿಗಾಲದಲ್ಲಿ ಈ ಹುಡುಗನ ಆಟಕ್ಕೆ ಒಂಬತ್ತು ಸಲ ಹೋದ. ಲೋರ್ನ್‌ಗೆ ಕಾಣುವ ಹಾಗೆ ಕೂತು, ತಲೆದೂಗುತ್ತಾ, ಪುಸ್ತಕ ತೆಗೆದು ಬರೆದದ್ದೇ ಬರೆದದ್ದು. ಬರೆದದ್ದು ಡಾರ್ಕಾಳ ಕೈತೋಟದ ಲೆಕ್ಕಾಚಾರ: ಬೆಳ್ಳುಳ್ಳಿ ಎರಡು ಸಾಲು, ಸಬ್ಬಸಿಗೆ ಒಂದು ಸಾಲು. ಆದರೆ ಮೊದಲ ಪುಟದಲ್ಲಿ, ಯಾರಾದರೂ ಇಣುಕಿದರೆ ಕಾಣಲಿ ಎಂದು, 'ಪೆನ್ನರ್' ಎಂದು ದಪ್ಪಗೆ ಬರೆದು ಮೂರು ನಕ್ಷತ್ರ ಹಾಕಿದ್ದ. ಕೋಡಿಯ ಹೆಸರು ಕೊನೆಯ ಪುಟದಲ್ಲಿ, ಸಬ್ಬಸಿಗೆಯ ಕೆಳಗೆ, ಸಣ್ಣಕ್ಷರದಲ್ಲಿತ್ತು. ಗುಟ್ಟು ಹೊರಗೆ ಹೋದೀತೆಂದು ಸಮಿತಿಯವರಿಗೂ ಹೇಳಿರಲಿಲ್ಲ.

ಡ್ರಾಫ್ಟಿನ ದಿನ ಗುರುವಾರ. ಪುಸ್ತಕವನ್ನು ಹಿಂದಿನ ದಿನವೇ ಕ್ಲಬ್ಬಿನ ಕಚೇರಿಯ ಮೇಜಿನ ಮೇಲೆ ಇಟ್ಟು ಬಂದಿದ್ದ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಇಳಿಸಿ, ಖಾಲಿ ಬಸ್ಸನ್ನು ನೇರವಾಗಿ ಕ್ಲಬ್ಬಿನ ಕಡೆ ತಿರುಗಿಸಿದ. ರೈಲು ಗೇಟಿನ ಹತ್ತಿರ ಬಂದರೆ ಕೆಂಪು ದೀಪ. ಗೋಧಿ ತುಂಬಿದ ಗೂಡ್ಸ್ ರೈಲು, ಈ ತುದಿಯೂ ಕಾಣದು, ಆ ತುದಿಯೂ ಕಾಣದು. ಅದು ಮೆಲ್ಲಗೆ ಬಂದು, ನಿಟ್ಟುಸಿರು ಬಿಟ್ಟು, ಗೇಟಿಗೆ ಅಡ್ಡಲಾಗಿ ನಿಂತೇಬಿಟ್ಟಿತು.

ಎರಡು ಡಬ್ಬಿಗಳ ಸಂದಿನಲ್ಲಿ ಆಚೆಗೆ ಕ್ಲಬ್ಬಿನ ಬಾಗಿಲು ಕಾಣುತ್ತಿತ್ತು. ಆದರೆ ಕೂಗಿದರೆ ಕೇಳಿಸುವಷ್ಟು ಹತ್ತಿರವಿರಲಿಲ್ಲ. ಮೊಬೈಲು ಮನೆಯ ಅಡುಗೆಕೋಣೆಯ ಡ್ರಾಯರಿನಲ್ಲಿತ್ತು. ಜೇಬಿನಲ್ಲಿಟ್ಟರೆ ಒಡೆದುಹೋಗುತ್ತದೆಂದು ಅಲ್ಲೇ ಇಡುತ್ತಿದ್ದ. ಡಬ್ಬಿಗಳ ನಡುವೆ ನುಸುಳಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಅಷ್ಟರಲ್ಲಿ ರೈಲು ಗಡಗಡ ಜಗ್ಗಿತು. ಇಪ್ಪತ್ತಾರು ವರ್ಷ ಮಕ್ಕಳಿಗೆ ಹಳಿ ದಾಟಬೇಡಿ ಎಂದು ಗದರಿದ ಮನುಷ್ಯ ಹಿಂದೆ ಸರಿದು, ಬಸ್ಸು ಹತ್ತಿ, ಹಾರ್ನನ್ನು ಒತ್ತಿ ಹಿಡಿದ. ರೈಲಿಗೆ ಯಾವ ಹಾರ್ನು?

ಇತ್ತ ಕಚೇರಿಯಲ್ಲಿ ಬ್ಯಾಜರ್ಸ್ ಸರದಿ ಬಂತು. ಫೋನಿನಲ್ಲಿ ಲೀಗಿನವರು "ಎರಡು ನಿಮಿಷ" ಎಂದರು. ಅಡೆಲ್ ಪುಸ್ತಕದ ಮೊದಲ ಪುಟ ತೆರೆದಳು.

ಐವತ್ತು ನಿಮಿಷದ ಮೇಲೆ ಓರೆಸ್ಟ್ ಏದುಸಿರು ಬಿಡುತ್ತಾ ಒಳಗೆ ಬಂದಾಗ, ಸಮಿತಿಯವರೆಲ್ಲ ಎದ್ದುನಿಂತು ಚಪ್ಪಾಳೆ ತಟ್ಟಿದರು.

"ಸಿಕ್ದ ಕಣೋ! ನಿನ್ನ ಮೂರು ನಕ್ಷತ್ರದ ಹುಡುಗ!" ಎಂದಳು ಅಡೆಲ್. "ಅವನನ್ನ ಬೇರೆ ಯಾರೂ ಕೇಳ್ಲೂ ಇಲ್ಲ!"

ಓರೆಸ್ಟ್ ಕುರ್ಚಿಯ ಮೇಲೆ ಕುಸಿದು, "ಡೆಜಾರ್ಲೆ?" ಎಂದ, ಬಾಯಲ್ಲಿ ಮತ್ತೆ ಹತ್ತಿ ತುರುಕಿಸಿಕೊಂಡವನಂತೆ.

"ಅವನಾ? ನಮಗಿಂತ ಒಂದು ಸರದಿ ಮುಂಚೆನೇ ಲೋರ್ನ್ ಎತ್ಕೊಂಡ."

ಸಂಜೆ ಲೋರ್ನ್ ತಾನಾಗಿಯೇ ಫೋನ್ ಮಾಡಿದ. ನಗು ತಡೆಯಲಾಗದೆ ಅವನಿಗೆ ಮಾತೇ ಹೊರಡುತ್ತಿರಲಿಲ್ಲ. "ನಿನ್ನನ್ನ ನೋಡ್ತಾ ನೋಡ್ತಾ ನನ್ನ ತಲೆ ನೆರೀತು, ಓರೆಸ್ಟ್. ಹುಡುಗ ಹಿಡಿಸಿದ್ರೆ ನೀನು ಬರೆಯೋದನ್ನ ನಿಲ್ಲಿಸ್ತೀಯ. ಕೋಡಿ ಆಡುವಾಗ ನೀನು ಪೆನ್ನನ್ನೇ ತೆಗೀಲಿಲ್ಲ!"

ತಪ್ಪನ್ನು ಓರೆಸ್ಟ್ ಸಮಿತಿಗೆ ಹೇಳಿಬಿಟ್ಟ. ಅಡೆಲ್ ಪುಸ್ತಕ ಮುಚ್ಚಿ ಅವನ ಮುಂದೆ ತಳ್ಳಿದಳು. "ಮುಂದಿನ ಸಲ ಹಲ್ಲು ಕೀಳುವಾಗ ಮರಗಟ್ಟೋ ಸೂಜಿ ಚುಚ್ಚಲ್ಲ," ಎಂದಳು. ಆ ಮಾತಿಗೆ ಯಾರೂ ನಗಲಿಲ್ಲ.

ಜೂನಿನಲ್ಲಿ, ವಾಡಿಕೆಯಂತೆ, ಆರಿಸಿದ ಹುಡುಗನ ಮನೆಗೆ ತಂಡದ ಅಂಗಿ ಒಯ್ಯಬೇಕಾಯಿತು. ದಾರಿಯುದ್ದಕ್ಕೂ ಓರೆಸ್ಟ್ ಸತ್ಯ ಹೇಳುವುದನ್ನು ಅಭ್ಯಾಸ ಮಾಡುತ್ತಾ ಹೋದ. ಹೊಲದ ಅಂಚಿಗೆ ಬಂದು ನೋಡಿದರೆ, ಏಬ್ರಮ್‌ನ ಅಪ್ಪ ಕಾರ್ನೀಲಿಯಸ್ ಎರಡಾಳೆತ್ತರದ ತಗಡಿನ ಕಣಜದ ಮೇಲೆ ಮಗನ ಹೆಸರನ್ನು ಕೆಂಪು ಬಣ್ಣದಲ್ಲಿ ಬರೆಸಿದ್ದಾನೆ. ಹೆದ್ದಾರಿಗೇ ಕಾಣುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇಲ್ಲಿ ಹೆಗ್ಗಣಕ್ಕೆ ಮುದ್ದು ಹತ್ತಿಸಿದವನು ಓರೆಸ್ಟೇ.

"ಒಂಬತ್ತು ಸಲ ಬಂದ್ರಿ ನೀವು!" ಕಾರ್ನೀಲಿಯಸ್ ಅವನ ಕೈಯನ್ನು ಬಿಡಲೇ ಇಲ್ಲ. "ನಮ್ಮ ಅಣ್ಣ ಇವನನ್ನ ಎಮ್ಮೆ ಅಂತಿದ್ದ. ಈಗ ಭಾನುವಾರ ಚರ್ಚಲ್ಲಿ ನನ್ನ ಪಕ್ಕಕ್ಕೇ ಬಂದು ಕೂರ್ತಾನೆ."

ಓರೆಸ್ಟ್ ಸಾಸೇಜು ತಿಂದ, ರೂಬಾರ್ಬ್ ಸಿಹಿ ತಿಂದ, ಸತ್ಯವನ್ನೂ ನುಂಗಿಕೊಂಡು ಬಂದ. ಹುಡುಗ ಮಾತ್ರ ಊಟದುದ್ದಕ್ಕೂ ಅವನನ್ನೇ ನೋಡುತ್ತಿದ್ದ.

ಆಗಸ್ಟ್ ಕೊನೆಯಲ್ಲಿ ತಂಡದ ಶಿಬಿರ ನಡೆಯಿತು. ಐದು ದಿನ ಏಬ್ರಮ್ ಪ್ರಾಮಾಣಿಕವಾಗಿ ಓಡಿದ, ಪ್ರಾಮಾಣಿಕವಾಗಿ ಬಿದ್ದ. ಒಮ್ಮೆ ನಿಲ್ಲಲಾಗದೆ ಹೋಗಿ, ತನ್ನದೇ ತಂಡದ ಬೆಂಚಿನಲ್ಲಿ ಮೂವರ ಮಡಿಲಿಗೆ ಬಿದ್ದ. ಕೋಚು ಓರೆಸ್ಟ್‌ನ ಮುಖ ನೋಡಿದ. ಓರೆಸ್ಟ್ ಛಾವಣಿ ನೋಡಿದ. ಆರನೆಯ ದಿನ ಹುಡುಗನನ್ನು ಮನೆಗೆ ಬಿಟ್ಟು ಬರುವ ಕೆಲಸ ಓರೆಸ್ಟ್‌ನದ್ದೇ ಆಯಿತು. ನಾಲ್ಕು ಗಂಟೆಯ ದಾರಿ.

ಅರ್ಧ ಗಂಟೆ ಗಾಡಿ ಓಡಿತು. ಆಮೇಲೆ ಹುಡುಗನೇ ಬಾಯಿಬಿಟ್ಟ.

"ಒಂದು ಕೇಳ್ಲಾ ಸರ್? ನೀವು ಬೇರೆಯವರಿಗೆ ತೋರ್ಸೋಕೆ ತಾನೇ ನನ್ನನ್ನ ನೋಡೋಕೆ ಬರ್ತಿದ್ದಿದ್ದು?"

ಗಾಡಿ ಸ್ವಲ್ಪ ಅಡ್ಡ ಹೋಯಿತು. "ಯಾರು ಹೇಳಿದ್ರೋ ನಿಂಗೆ?"

"ಯಾರೂ ಇಲ್ಲ. ಬಿಲ್ಲೆ ನನ್ನ ಹತ್ರ ಇದ್ದಾಗೆಲ್ಲ ನೀವು ಬರೀತಾ ಇರ್ತಿದ್ರಿ. ನಿಜವಾಗ್ಲೂ ನೋಡೋರು ಆಗ ಬರೆಯಲ್ಲ." ಹುಡುಗ ಕಿಟಕಿಯ ಹೊರಗೆ ನೋಡಿದ. "ನಾನು ಚೆನ್ನಾಗಿ ಆಡಲ್ಲ ಅಂತ ಹನ್ನೊಂದು ವರ್ಷದವನಾಗಿದ್ದಾಗ್ಲೇ ಗೊತ್ತಾಯ್ತು. ಅಪ್ಪಂಗೆ ಯಾರಾದ್ರೂ ದೊಡ್ಡೋರು ಹೇಳ್ಲಿ ಅಂತ ಕಾಯ್ತಿದ್ದೆ. ನೀವು ಬಂದ್ರಿ, ಎಲ್ಲಾ ಉಲ್ಟಾ ಆಯ್ತು."

ಓರೆಸ್ಟ್‌ಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. "ಹಾಗಾದ್ರೆ ಶಿಬಿರದಲ್ಲಿ ಏನ್ಮಾಡ್ತಿದ್ದೆ ಐದು ದಿನ?" ಎಂದ.

"ನೋಡ್ತಿದ್ದೆ."

ಹುಡುಗ ಹೇಳುತ್ತಾ ಹೋದ. ಕೆಂಪು ಕೂದಲಿನವನು ಮೂಲೆಗೆ ಹೋಗುವ ಮುಂಚೆ ಕಣ್ಣು ಮುಚ್ಚುತ್ತಾನೆ. ಗೋಲ್‌ಕೀಪರಿಗೆ ಎಡ ಮೊಣಕಾಲು ನೋವಿದೆ, ಯಾರಿಗೂ ಹೇಳಿಲ್ಲ. ಒಬ್ಬ ತನ್ನ ತಮ್ಮ ನೋಡಲು ಬಂದ ದಿನ ಮಾತ್ರ ಚೆನ್ನಾಗಿ ಆಡುತ್ತಾನೆ. ಓರೆಸ್ಟ್ ಇವುಗಳಲ್ಲಿ ಎರಡನ್ನು ಗಮನಿಸಿದ್ದ. ಒಂದನ್ನು ಗಮನಿಸಿರಲಿಲ್ಲ.

"ಮತ್ತೆ ಬ್ರೆಂಟ್‌ನ ಕೊಡಬೇಡಿ ಸರ್."

"ಕೊಡ್ತೀವಿ ಅಂದಿದ್ಯಾರು?"

"ಅವನು ಆಡುವಾಗ ನೀವು ಅವನನ್ನ ನೋಡ್ತಿರ್ಲಿಲ್ಲ. ಅವನ ಜಾಗಕ್ಕೆ ಯಾರು ಬರಬಹುದು ಅಂತ ನೋಡ್ತಿದ್ರಿ. ಚಿಕ್ಕ ಹುಡುಗ್ರೆಲ್ಲ ಬಿಲ್ಲೆ ಸಿಕ್ಕಿದ ಕೂಡ್ಲೇ ಮೊದ್ಲು ಬ್ರೆಂಟ್ ಎಲ್ಲಿದಾನೆ ಅಂತ ಹುಡುಕ್ತಾರೆ. ಅವನು ಹೋದ್ರೆ ನರಿ ನುಗ್ಗಿದ ಕೋಳಿಗೂಡೇ ಅದು."

ಓರೆಸ್ಟ್ ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿದ. ಸುತ್ತ ಕಟಾವಾಗುತ್ತಿದ್ದ ಗೋಧಿಯ ಧೂಳು. ಬ್ರೆಂಟನ ಕಾಗದಕ್ಕೆ ಸಹಿ ಹಾಕುವುದು ನಾಳೆ ಎಂದಿತ್ತು. ಶಿಬಿರವನ್ನೆಲ್ಲ ಮನಸ್ಸಿನಲ್ಲಿ ಮತ್ತೆ ಓಡಿಸಿ ನೋಡಿದ. ಹುಡುಗ ಹೇಳಿದ್ದು ಸರಿ. ಇಷ್ಟು ವರ್ಷದಲ್ಲಿ ಹೀಗೆ ನೋಡಬಲ್ಲವನು ಅವನಿಗೆ ಇನ್ನೊಬ್ಬ ಸಿಕ್ಕಿರಲಿಲ್ಲ. ಸಿಕ್ಕವನನ್ನು ಅವನು ಒಂಬತ್ತು ಸಲ ಎದುರಿಗೆ ಕೂತೂ ಕಂಡಿರಲಿಲ್ಲ.

"ನಿನ್ನ ಕಣ್ಣು ಚೆನ್ನಾಗಿದೆ ಕಣೋ," ಎಂದ. ಇಂಥ ಮಾತು ಆಡಿ ಅವನಿಗೆ ಅಭ್ಯಾಸವಿರಲಿಲ್ಲ. ಹುಡುಗ ಕಿವಿಯವರೆಗೂ ಕೆಂಪಾದ.

ಮನೆ ತಲುಪಿ, ಅಡುಗೆಮನೆಯ ಮೇಜಿನ ಮುಂದೆ ನಿಂತುಕೊಂಡೇ, ಓರೆಸ್ಟ್ ಕಾರ್ನೀಲಿಯಸ್‌ಗೆ ಎಲ್ಲವನ್ನೂ ಹೇಳಿದ: ಲೋರ್ನ್, ಬೆಳ್ಳುಳ್ಳಿ, ನಕ್ಷತ್ರ, ರೈಲು. ರೈಲಿನ ಮಾತು ಬಂದಾಗ ಏಬ್ರಮ್‌ನ ಅಮ್ಮ ಒಲೆಯ ಕಡೆ ತಿರುಗಿಕೊಂಡಳು. ಅವಳ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ಓರೆಸ್ಟ್ ಹೆದರಿದ. ಅವಳು ನಗುತ್ತಿದ್ದಳು.

ಕಾರ್ನೀಲಿಯಸ್ ನಗಲಿಲ್ಲ. ಟೋಪಿ ಹಾಕಿಕೊಂಡು ಹೊರಗೆ ಹೋಗಿ, ಕಣಜದ ಮುಂದೆ ಬಹಳ ಹೊತ್ತು ನಿಂತು ಬಂದ. "ನನ್ನನ್ನ ಪೆದ್ದನ್ನ ಮಾಡಿದ್ರಿ," ಎಂದ.

"ಹೌದು. ತಪ್ಪಾಯ್ತು."

"ಆಡೋಕೆ ಆಗಲ್ಲ ಇವನಿಗೆ?"

"ಆಗಲ್ಲ. ಆದ್ರೆ ಆಟ ಇವನಿಗೆ ಕಂಡಷ್ಟು ನನಗೂ ಕಾಣಲ್ಲ. ಈ ಕಡೆ ಊರುಗಳ ಹುಡುಗರನ್ನ ನಮ್ಮ ತಂಡಕ್ಕೆ ಇವನು ನೋಡ್ಲಿ ಅಂತ ಕೇಳೋಕೆ ಬಂದಿದೀನಿ. ಈ ಸಲ ಇನ್ಯಾರಿಗೋ ತೋರ್ಸೋಕಲ್ಲ."

ಕಾರ್ನೀಲಿಯಸ್ ಮಗನ ಕಡೆ ತಿರುಗಿದ. "ನಿಂಗೆ ಬೇಕೇನೋ ಇದು?"

"ಬೇಕು ಅಪ್ಪಾ. ಓಡೋದು ಬೇಡ."

"ಹಾಗಾದ್ರೆ ಅಣ್ಣಂಗೆ ನೀವೇ ಹೇಳಿ," ಎಂದು ಕಾರ್ನೀಲಿಯಸ್ ಓರೆಸ್ಟ್‌ಗೆ ಫೋನು ಚಾಚಿದ. ಓರೆಸ್ಟ್ ಹೇಳಿದ. ಆ ಕಡೆಯಿಂದ ಬಂದ ನಗುವನ್ನು ನಿಂತು ಕೇಳಿಸಿಕೊಂಡ. ಅದಾದ ಮೇಲೆ ಕಾರ್ನೀಲಿಯಸ್ ಅವನಿಗೆ ಕುರ್ಚಿ ಎಳೆದು ಕೊಟ್ಟ.

ಬ್ರೆಂಟ್ ತಂಡದಲ್ಲೇ ಉಳಿದ. ಆ ಚಳಿಗಾಲ ಬ್ಯಾಜರ್ಸ್ ಇಪ್ಪತ್ತೇಳು ಪಂದ್ಯ ಗೆದ್ದಿತು. ದೊಡ್ಡ ಸಾಧನೆಯೇನಲ್ಲ, ಆದರೆ ಜನವರಿಯಲ್ಲಿ ಊರಿನವರು ಮತ್ತೆ ಕಂಬಳಿ ಹೊದ್ದು ಆಟಕ್ಕೆ ಬರತೊಡಗಿದರು. ಹಾರ್ಲನ್ ಹಿಲ್ ಪರವಾಗಿ ಕೋಡಿ ಡೆಜಾರ್ಲೆ ಇವರ ಮೇಲೆ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದ. ಓರೆಸ್ಟ್ ಎದ್ದುನಿಂತು ಚಪ್ಪಾಳೆ ತಟ್ಟಿ, ಅಕ್ಕಪಕ್ಕದವರಿಂದ ಬೈಸಿಕೊಂಡ.

ಏಬ್ರಮ್ ಪ್ರತಿ ಭಾನುವಾರ ಚರ್ಚು ಮುಗಿಸಿ ಫೋನ್ ಮಾಡುತ್ತಿದ್ದ. ಸರಿಯಾಗಿ ಊಟದ ಹೊತ್ತಿಗೆ. ಒಬ್ಬ ಹುಡುಗ ಒಳ್ಳೆಯವನೆಂದು ಅವನು ಹೇಳಿದರೆ, ಅಲ್ಲವೆಂದು ಇವನು. ಸಾರು ಆರಿ ತಣ್ಣಗಾಗುತ್ತಿತ್ತು. ಒಂದು ಭಾನುವಾರ ಹೊಸ ಗೋಲ್‌ಕೀಪರ್ ಹುಡುಗನೊಬ್ಬನ ಬಗ್ಗೆ ವಾದ ನಡೆಯುತ್ತಿದ್ದಾಗ ಡಾರ್ಕಾ ಫೋನನ್ನು ಕಿತ್ತುಕೊಂಡಳು.

"ಏಬ್ರಮ್, ಆ ಗೋಲ್‌ಕೀಪರ್ ಹಾಳಾಗಿ ಹೋಗ್ಲಿ. ನಿಮ್ಮಮ್ಮ ಒಣ ಹಣ್ಣಿನ ಪಾಯಸಕ್ಕೆ ಕೆನೆ ಯಾವಾಗ ಹಾಕ್ತಾರೆ, ಕೇಳಿ ಹೇಳು ಮಗಾ. ನಾನು ಮಾಡಿದ್ರೆ ಒಡೆದುಹೋಗುತ್ತೆ."

ಅಮ್ಮನೇ ಫೋನಿಗೆ ಬಂದಳು. ಇಬ್ಬರು ಹೆಂಗಸರೂ ಕೆನೆಯಿಂದ ಶುರುಮಾಡಿ, ಗಂಡಂದಿರ ಸೊಂಟನೋವಿಗೆ ಬಂದರು. ಓರೆಸ್ಟ್ ಚಮಚ ಹಿಡಿದು, "ಆ ಗೋಲ್‌ಕೀಪರ್ ಪ್ರತಿ ಸಲ ಬಲಗಡೆಗೇ ಬೀಳ್ತಾನೆ ಅಂತ ಮಾತ್ರ ಹೇಳು, ಡಾರ್ಕಾ, ಅಷ್ಟೇ ಹೇಳು," ಎನ್ನುತ್ತಾ ಪಕ್ಕದಲ್ಲೇ ನಿಂತಿದ್ದ.