ಮದ್ರಾಸಿನಿಂದ ಸಿಂಗಪುರಕ್ಕೆ ಎಷ್ಟು ಹೊತ್ತು

ಎಪ್ಪತ್ತರ ದಶಕದಲ್ಲಿ ನಾನು ಹತ್ತಿರದ ಕಡಬದಿಂದ ಬಸ್ಸಿನಲ್ಲಿ ಬಂದು ಗುಬ್ಬಿಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಗ ಭೂಗೋಳದ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂತು. ಮದ್ರಾಸಿನಿಂದ ಬೆಳಿಗ್ಗೆ ಹತ್ತಕ್ಕೆ ಹೊರಟ ವಿಮಾನ, ಅಲ್ಲಿನ ಗಡಿಯಾರದಲ್ಲಿ ಸಂಜೆ ನಾಲ್ಕಕ್ಕೆ ಸಿಂಗಪುರ ಮುಟ್ಟುತ್ತದೆ. ಪ್ರಯಾಣಕ್ಕೆ ಎಷ್ಟು ಹೊತ್ತು? ಆಗ ಅಲ್ಲಿನ ಗಡಿಯಾರ ನಮಗಿಂತ ಎರಡು ಗಂಟೆ ಮುಂದಿತ್ತು, ಪಾಠದಲ್ಲೇ ಹಾಗೆಂದು ಇತ್ತು. ನಾಲ್ಕು ಗಂಟೆ ಎಂದು ಬರೆದೆ. ಮೇಷ್ಟ್ರು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಆರು ಎಂದು ತಿದ್ದಿದ್ದರು.

ಎದ್ದು ನಿಂತು ಕೇಳಿದೆ.

"ಕಡಬದ ಬಸ್ಸಿಗೆ ಕಾಯೋಳು ನೀನು, ಏರೋಪ್ಲೇನ್ ಲೆಕ್ಕ ನಂಗೆ ಹೇಳ್ಕೊಡ್ತೀಯಾ? ಆರು ಅಂತ ಬರ್ಕೊಂಡು ಕೂತ್ಕೊ," ಎಂದರು. ತರಗತಿಯೆಲ್ಲ ನಕ್ಕಿತು.

"ಬರೆಯಲ್ಲ ಸಾರ್. ಅಲ್ಲಿ ನಾಲ್ಕಾದಾಗ ನಮ್ಮಲ್ಲಿ ಎರಡೇ ಗಂಟೆ."

ಬಾಗಿಲಾಚೆ ನಿಲ್ಲಿಸಿದರು. ಮೂರು ದಿನ ಅವರ ಪೀರಿಯಡ್ಡಿನಲ್ಲಿ ಹೊರಗೇ ನಿಂತೆ. ವಿಷಯ ತಿಳಿದ ಅಪ್ಪ, "ಆರು ಅಂದ್ಬುಟ್ರೆ ನಿನ್ ಗಂಟೇನು ಹೋಗುತ್ತೆ? ತಪ್ಪಾಯ್ತು ಅನ್ನು ಕಣಮ್ಮ," ಎಂದರು.

"ತಪ್ಪೇ ಆಗಿಲ್ವಲ್ಲಪ್ಪ," ಎಂದೆ.

ನಾಲ್ಕನೇ ದಿನ ಮೇಷ್ಟ್ರು ನನ್ನ ಮುಖ ನೋಡದೆ "ಒಳಗ್ ಬಾ" ಎಂದರು. ಅಂಕ ಮಾತ್ರ ಕೊಡಲಿಲ್ಲ. ವರ್ಷದ ಕೊನೆಯಲ್ಲಿ ಅಂಥದೇ ಪ್ರಶ್ನೆ ಬೇರೆ ಊರುಗಳ ಹೆಸರಿನಲ್ಲಿ ಬಂತು. ಆಗಲೂ ಗಡಿಯಾರದ ವ್ಯತ್ಯಾಸ ಕಳೆದೇ ಬರೆದೆ, ಉತ್ತರದ ಕೆಳಗೆ ಎರಡು ಗೆರೆ ಎಳೆದೆ.