ಗಂಗಕ್ಕನ ಟ್ರೇಲರಿನ ಬ್ರೇಕು

ನಿನ್ನೆ ಹೊಳಲ್ಕೆರೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸ್ಕೂಟರಿಗೊಂದು ಕೇಬಲ್ ಕೇಳಿ ನಿಂತಿದ್ದೆ. ಪಕ್ಕದವರು ಗ್ರೀಸ್ ಡಬ್ಬಿಯ ಮುಚ್ಚಳ ತೆರೆದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಗು ತಡೆಯಲಾಗಲಿಲ್ಲ. ಅಂಗಡಿಯವನು ಅನುಮಾನದಿಂದ ನೋಡಿದ. ನಿಮಗಾದರೂ ಕಾರಣ ಹೇಳಿಬಿಡುತ್ತೇನೆ.

ಐಮಂಗಲದ ಹತ್ತಿರ ಕುರಿ ಸಾಕುವ ನನ್ನ ಅಕ್ಕ ಗಂಗಮ್ಮ ಕೆಲವು ವರ್ಷಗಳ ಹಿಂದೆ ಹರಾಜಿನಲ್ಲಿ ಹಳೆಯ ಟ್ರೇಲರೊಂದನ್ನು ಕೊಂಡಿದ್ದಳು, ಜೀಪಿನ ಹಿಂದೆ ಕಟ್ಟಿ ಕುರಿ ಸಾಗಿಸುವುದಕ್ಕೆ. ಅದರ ಬ್ರೇಕು ವಿಚಿತ್ರ. ಜೀಪು ನಿಧಾನಿಸಿದಾಗ ಟ್ರೇಲರ್ ಮುಂದಕ್ಕೆ ನುಗ್ಗುತ್ತದಲ್ಲ, ಆಗ ಕೊಂಡಿಯ ಹಿಂದಿನ ದಪ್ಪ ಸರಳು ಒಳಕ್ಕೆ ಜಾರಿ ಟ್ರೇಲರಿನ ಚಕ್ರಗಳಿಗೆ ಬ್ರೇಕು ಬೀಳಬೇಕು. ಅಕ್ಕನದರಲ್ಲಿ ಸರಳು ತುಕ್ಕು ಹಿಡಿದು ಕೂತಿತ್ತು. ಒಂದು ದಿನ ಇಳಿಜಾರಿನಲ್ಲಿ ಟ್ರೇಲರ್ ಜೀಪನ್ನೇ ಗುದ್ದಿ ತಳ್ಳಿ, ಗಬ್ಬದ ಕುರಿಯೊಂದು ಮುಗ್ಗರಿಸಿ ಬಿತ್ತು. ಪುಣ್ಯಕ್ಕೆ ಕುರಿಗೇನೂ ಆಗಲಿಲ್ಲ.

"ಗುಜರಿಗೆ ಹಾಕಾಣ," ಎಂದರು ಭಾವ.

ಅಕ್ಕ ನನಗೆ ಫೋನ್ ಮಾಡಿದಳು. "ಲೇ, ಇಂಗ್ಲಿಷ್ ಮೇಷ್ಟ್ರೇ, ಇದ್ರ ಜತೆ ಒಂದು ಬುಕ್ಕು ಐತೆ. ನೀನು ಓದು, ಸ್ಪ್ಯಾನರ್ ನಾನು ಹಿಡಿತೀನಿ."

ಭಾನುವಾರ ಹಾಗೆಯೇ ಮಾಡಿದೆವು. ನಾನು ಪಾಠದ ಠೀವಿಯಲ್ಲಿ ಓದಿದೆ. ಅವಳು ಸರಳನ್ನು ಬಿಚ್ಚಿ, ಡೀಸೆಲ್‌ನಲ್ಲಿ ಉಜ್ಜಿ, ಗ್ರೀಸ್ ತುಂಬಿ ಜೋಡಿಸಿದಳು. "ಈಗ ತಳ್ಳು ನೋಡಾಣ." ಬಲವಾಗಿ ತಳ್ಳಿದೆ. ಸರಳು ಸರಾಗವಾಗಿ ಒಳಗೆ ಹೋಯಿತು, ಅದರ ಹಿಂದೆಯೇ ನಾನೂ ಬಿದ್ದು ಮೀಸೆಗೆಲ್ಲ ಗ್ರೀಸ್ ಬಳಿದುಕೊಂಡೆ.

ಖಾಲಿ ಟ್ರೇಲರ್ ಕಟ್ಟಿಕೊಂಡು ಅದೇ ಇಳಿಜಾರಿಗೆ ಹೋದೆವು. ಅಕ್ಕ ಉಸಿರು ಬಿಗಿಹಿಡಿದು ಬ್ರೇಕ್ ತುಳಿದಳು. ಗುದ್ದಲಿಲ್ಲ, ಸದ್ದಿಲ್ಲ.

"ನಿಂತ್ಕಂತು ಕಣೋ!" ಎಂದು ಕೂಗಿದಳು. ಆ ಖುಷಿಗೆ ಇನ್ನೂ ಮೂರು ಸಲ ಬೇಕೆಂದೇ ನಿಲ್ಲಿಸಿದಳು.

ಮನೆಗೆ ಬಂದು ಕೊಟ್ಟಿಗೆಗೆ ರಿವರ್ಸ್ ತೆಗೆದರೆ ಟ್ರೇಲರ್ ಮಿಸುಕಲಿಲ್ಲ! ಭಾವ ಓಡಿಬಂದರು. "ಹಿಂದಕ್ಕಾದ್ರೂ ಚೆನ್ನಾಗಿ ಹೋಗ್ತಿತ್ತು. ಅದನ್ನೂ ಕೆಡಿಸಿದ್ರಾ?"

ನಾಚಿಕೆಯಿಂದ ಮತ್ತೆ ಪುಸ್ತಕ ತೆರೆದೆ. ಬೇಡವೆಂದು ನಾನು ಹಾರಿಸಿದ್ದ ಪುಟದಲ್ಲೇ ಇತ್ತು: ಹಿಂದಕ್ಕೆ ಹೋಗುವಾಗಲೂ ಸರಳು ಒಳಕ್ಕೆ ಜಾರಿ ಬ್ರೇಕು ಬೀಳುತ್ತದೆ, ಅದಕ್ಕೇ ಮೊದಲು ಪಕ್ಕದ ಪುಟ್ಟ ಲಿವರ್ ಎತ್ತಬೇಕು. ಅಂದರೆ ಬ್ರೇಕು ಸರಿಯಾಗಿದ್ದಕ್ಕೇ ಟ್ರೇಲರ್ ಮೊಂಡು ಹಿಡಿದಿತ್ತು! ಸರಳು ಮತ್ತೆ ಹೊರಬರಲೆಂದು ಅಕ್ಕ ಜೀಪನ್ನು ಒಂದಡಿ ಮುಂದೆ ತಂದಳು, ನಾನು ಲಿವರ್ ಎತ್ತಿದೆ. ಟ್ರೇಲರ್ ತೆಪ್ಪಗೆ ಒಳಗೆ ಹೋಯಿತು. ಅಕ್ಕ ಸ್ಟೀರಿಂಗಿಗೆ ಹಣೆಯಿಟ್ಟು ನಕ್ಕಳು. ಹಾರ್ನ್ ಒತ್ತಿಕೊಂಡು ಬಡಿದುಕೊಳ್ಳತೊಡಗಿತು, ಕುರಿಗಳೆಲ್ಲ ಅರಚಿದವು, ಭಾವನೂ ಹೊಟ್ಟೆ ಹಿಡಿದುಕೊಂಡು ಕೂತರು.

ಇದೆಲ್ಲ ನೆನಪಾಗಿ ನಿನ್ನೆ ಅಂಗಡಿಯಿಂದಲೇ ಅಕ್ಕನಿಗೆ ಫೋನ್ ಮಾಡಿದೆ. ಕೆಲಸವಿಲ್ಲದೆ ನಾನು ಮಾಡುವವನಲ್ಲ.

"ಯಾಕೋ, ಎಲ್ಲಾ ಆರಾಮ ಐತಾ?" ಗಾಬರಿಯಾದಳು.

"ಸುಮ್ನೆ ಮಾಡ್ದೆ ಅಕ್ಕ."

"ಹಂಗಾದ್ರೆ ಊಟಕ್ಕೆ ಬಾ," ಎಂದಳು.

ಕೇಬಲ್ ಹೋದ ಸ್ಕೂಟರನ್ನು ಅಂಗಡಿಯವನ ಹತ್ತಿರವೇ ಬಿಟ್ಟು ಐಮಂಗಲದ ಕಡೆಯ ಬಸ್ಸು ಹತ್ತಿದೆ.