ಕೊಟ್ಟಿಗೆಯ ಸೋಪು

ನನ್ನ ದೊಡ್ಡ ಓರಗಿತ್ತಿ ತುರುವೇಕೆರೆಯಲ್ಲಿ ಹೊಸ ಮನೆ ಕಟ್ಟಿಸಿದಾಗ, ಗೃಹಪ್ರವೇಶಕ್ಕೆ ಬಂದವರಿಗೆ ತಾಂಬೂಲದ ಜೊತೆ ಕೊಡಲೆಂದು ನಾನು ಒಂದು ಬುಟ್ಟಿ ಸೋಪು ಮಾಡಿಕೊಂಡು ಹೋಗಿದ್ದೆ. ನಮ್ಮ ತೋಟದ ಕೊಬ್ಬರಿ, ಗಾಣದ ಎಣ್ಣೆ. ನಮ್ಮ ಹೊನ್ನವಳ್ಳಿಯ ಬೋರ್‌ವೆಲ್ ನೀರಿನಲ್ಲಿ ಅಂಗಡಿ ಸೋಪು ತಿಕ್ಕಿ ತಿಕ್ಕಿ ಕೈ ಸೋಲುತ್ತದೆಯೇ ಹೊರತು ನೊರೆ ಬರುವುದಿಲ್ಲ. ನನ್ನದು ಬರುತ್ತದೆ. ಆ ಹೆಮ್ಮೆ ನನಗಿತ್ತು, ಈಗಲೂ ಇದೆ.

ಅವಳು ಒಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ನೆಂಟರೆಲ್ಲ ಕೂತಿದ್ದ ಹಾಲ್‌ನಲ್ಲೇ ಅಂದಳು: "ಇದನ್ನ ಯಾರ್ ಕೈಗೆ ಕೊಡಾದೇ? ದನ ತೊಳೆಯಾಕೆ ಸರೋಯ್ತದೆ ಬುಡು."

ಎಲ್ಲರೂ ನಕ್ಕರು. ನಮ್ಮ ಯಜಮಾನರೂ ನಕ್ಕರು. ಬುಟ್ಟಿ ನಿಜವಾಗಿಯೂ ಕೊಟ್ಟಿಗೆಗೆ ಹೋಯಿತು. ನಾನು ಹೋಳಿಗೆ ಊಟ ಮಾಡಿ, ಹಲ್ಲು ಕಿರಿದುಕೊಂಡೇ ಬಸ್ಸು ಹತ್ತಿದೆ. ಅದೇ ಜನರ ಮುಂದೆ ಇದನ್ನು ತೀರಿಸದಿದ್ದರೆ ನನಗೆ ನಿದ್ದೆಯಿಲ್ಲ ಅಂದುಕೊಂಡೆ.

ಮುಂದೊಂದು ಹಬ್ಬಕ್ಕೆ ಹೋದಾಗ ಆ ಕೊಟ್ಟಿಗೆಗೆ ಇಣುಕಿದೆ. ಹಸುಗಳು ಮಿರಮಿರ ಮಿಂಚುತ್ತಿದ್ದವು. ಗೋಡೆಯ ಗೂಡಿನಲ್ಲಿ ನನ್ನ ಸೋಪಿನ ಚೂರುಗಳು, ರೋಮ ಅಂಟಿಸಿಕೊಂಡು ಒಣಗಿ ಬಿದ್ದಿದ್ದವು. ಅಷ್ಟನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಬಂದೆ.

ಮನೆಯಲ್ಲಿ ಕೂತು ಮೇಲಿನ ಕೊಳೆ ಕೆರೆದೆ. ಪೂರ್ತಿ ಕೆರೆದೆ ಎಂದು ಆಣೆ ಮಾಡಲಾರೆ. ಚೂರುಗಳನ್ನು ತುರಿದು, ಒಂದಿಷ್ಟು ಕಾಯಿಹಾಲು ಬೆರೆಸಿ, ಕುದಿನೀರಿನ ಮೇಲೆ ಪಾತ್ರೆ ಇಟ್ಟು ಗಂಜಿಯ ಹದಕ್ಕೆ ಕರಗಿಸಿದೆ. ನಾರು ಹೆರೆದು ನುಣ್ಣಗೆ ಮಾಡಿದ ಕರಟಗಳಿಗೆ ಸುರಿದು, ಅಟ್ಟದ ಮೇಲೆ ಕೊಬ್ಬರಿಕಾಯಿಗಳ ಪಕ್ಕದಲ್ಲೇ ಒಣಗಲು ಬಿಟ್ಟೆ. ಒಣಗಿದ ಮೇಲೆ ನೋಡಿದರೆ ಥೇಟ್ ಕೊಬ್ಬರಿ ಗಿಟುಕು, ಬೆಳ್ಳಗೆ, ಘಮಘಮ.

ಅವಳ ಮಗಳ ಸೀಮಂತಕ್ಕೆ ರವಿಕೆ ಕಣದ ಮೇಲೆ ಅಂಥದೊಂದು ಕರಟ ಇಟ್ಟುಕೊಟ್ಟೆ. ಮೂಸಿ ನೋಡಿದಳು. "ಆನ್‌ಲೈನಾಗೆ ತರ್ಸಿದ್ದೇನೇ?" ಎನ್ನುತ್ತಾ ಹಾಲ್‌ನ ಬೇಸಿನ್‌ಗೆ ಹೋಗಿ ಮುಖಕ್ಕೆ ಹಚ್ಚಿಕೊಂಡಳು. "ಏನ್ ನೊರೆ ಬತ್ತದೆ ಕಣೇ, ಬೆಣ್ಣೆ ಇದ್ದಂಗೈತೆ!" ಅಂದಳು. ಹಿಂದೆ ನಕ್ಕಿದ್ದ ನೆಂಟರೆಲ್ಲ ಅಲ್ಲೇ ಕೂತಿದ್ದರು.

ನೊರೆಗೆ ಅವಳ ಕಣ್ಣು ಮುಚ್ಚಿದ್ದಾಗ ಹೇಳಿದೆ: "ನಿಮ್ ಕೊಟ್ಟಿಗೇದೇ ಕಣಕ್ಕ. ದನ ತೊಳ್ದು ಮಿಕ್ಕಿತ್ತಲ್ಲ, ಅದು."

ಈ ಸಲ ಮೊದಲು ನಕ್ಕವಳು ನಾನು. ಅಷ್ಟು ಸುಖ ನನಗೆ ಯಾವ ಸಮಾರಂಭದಲ್ಲೂ ಸಿಕ್ಕಿಲ್ಲ.

ಮೊನ್ನೆ ಅವಳ ಗಂಡ, ನಮ್ಮ ಭಾವನವರು ಬಂದಿದ್ದರು, ಸೋಪು ಮುಗಿದ ಆ ಕರಟ ಹಿಡಿದುಕೊಂಡು. ನಮ್ಮ ಕಡೆ ಇನ್ನೊಬ್ಬರ ಮನೆಯ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಅದರ ತುಂಬ ಸಕ್ಕರೆ ಇತ್ತು. "ಇನ್ನೊಂದ್ ಮಾಡ್ಕೊಡ್ಬೇಕಂತೆ ಕಣಮ್ಮ" ಎಂದು ನೆಲ ನೋಡುತ್ತಾ ಹೇಳಿದರು.

ಅವರು ಹೋದ ಮೇಲೆ ಸಕ್ಕರೆಯನ್ನು ಕಾಫಿಗೆ ಹಾಕಿಕೊಂಡೆ. ಮತ್ತೆ ತುಂಬಿ ಕಳಿಸಬೇಕಿದ್ದ ಕರಟವನ್ನು ಹಂಡೆ ಒಲೆಗೆ ತುರುಕಿ, ಅದರ ಉರಿಗೆ ಕಾದ ನೀರಿನಲ್ಲೇ ನನ್ನ ಸೋಪು ಹಚ್ಚಿ ಸ್ನಾನ ಮಾಡಿದೆ. ನೊರೆ ಚೆನ್ನಾಗಿ ಬಂತು.